ಹದಿನಾಲ್ಕು ಹೊಟ್ಟೆನೋವು ಬಲ್ಲ ಮೇಷ್ಟ್ರು

ಹೊಟ್ಟೆ ಮೇಷ್ಟ್ರು ಅಂದರೆ ಆ ಮೆಡಿಕಲ್ ಕಾಲೇಜಿನಲ್ಲಿ ಗೊತ್ತಿಲ್ಲದವರಿಲ್ಲ. ಹಾಗಂತ ಅವರು ಮೇಷ್ಟ್ರೂ ಅಲ್ಲ, ಡಾಕ್ಟರೂ ಅಲ್ಲ. ಹೊಟ್ಟೆನೋವು ಬರಿಸಿಕೊಳ್ಳುವುದು ಅವರ ಕೆಲಸ. ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಅಂಗಿ ಬಿಚ್ಚಿಟ್ಟು, ಆಸ್ಪತ್ರೆಯ ನೀಲಿ ಗೌನು ತೊಟ್ಟು, ಪರದೆಯ ಹಿಂದಿನ ಮಂಚದ ಮೇಲೆ ನರಳಲು ಶುರುಮಾಡಿದರೆ ಸಂಜೆ ನಾಲ್ಕಕ್ಕೆ ನಿಲ್ಲಿಸಿ, ಊಟದ ಡಬ್ಬಿ ಎತ್ತಿಕೊಂಡು ಆರಾಮಾಗಿ ಮನೆಗೆ ನಡೆಯುತ್ತಿದ್ದರು. ಎಂಟೆಂಟು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವುದು. ಗಂಟೆ ಹೊಡೆದಾಗಲೆಲ್ಲ ಒಬ್ಬ ಹೊಸ ವಿದ್ಯಾರ್ಥಿ ಪರದೆ ಸರಿಸಿಕೊಂಡು ಬರಬೇಕು, "ಏನು ತೊಂದರೆ?" ಅನ್ನಬೇಕು, ಪ್ರಶ್ನೆ ಕೇಳಬೇಕು, ಹೊಟ್ಟೆ ಒತ್ತಿ ನೋಡಬೇಕು. ಮೂಲೆಯಲ್ಲಿ ಕೂತ ಪರೀಕ್ಷಕರು ಅಂಕ ಹಾಕಬೇಕು. ನಿಜವಾದ ರೋಗಿಯನ್ನು ಮೂವತ್ತು ಜನರ ಕೈಗೆ ಕೊಟ್ಟು ಒತ್ತಿಸಿದರೆ ಆ ಪ್ರಾಣಿ ಸಂಜೆಯೊಳಗೆ ಸಾಯುತ್ತದೆ. ಅದಕ್ಕೇ ಈ ಏರ್ಪಾಟು.

ಮನಸ್ಸಿಗೆ ಬಂದ ಹಾಗೆ ನರಳಿದರೆ ನಡೆಯುವುದಿಲ್ಲ. ಹದಿನಾಲ್ಕು ಚೀಟಿಗಳಿದ್ದವು, ಒಂದೊಂದಕ್ಕೂ ಒಂದೊಂದು ನೋವು. ಅಪೆಂಡಿಕ್ಸ್ ಆದರೆ ನೋವು ಹೊಕ್ಕುಳ ಸುತ್ತ ಹುಟ್ಟಿ ಅರ್ಧ ದಿನದಲ್ಲಿ ಬಲಗಡೆ ಕೆಳಕ್ಕೆ ಇಳಿದಿರಬೇಕು, ಕೆಮ್ಮಿದರೆ ಮುಖ ಕಿವುಚಬೇಕು. ಪಿತ್ತಕೋಶದ ಕಲ್ಲಾದರೆ ಬಲಪಕ್ಕೆಯ ಕೆಳಗೆ ಹಿಡಿದು ಹೆಗಲ ಹಿಂದಕ್ಕೆ ಹೋಗಬೇಕು, ಹಿಂದಿನ ದಿನ ಜಿಡ್ಡು ಪದಾರ್ಥ ತಿಂದಿರಬೇಕು. ಮೂತ್ರಪಿಂಡದ ಕಲ್ಲಾದರೆ ಕೂತರೆ ಕೂರಲಾಗದೆ, ನಿಂತರೆ ನಿಲ್ಲಲಾಗದೆ ಒದ್ದಾಡಬೇಕು. ಹುಣ್ಣು ತೂತಾಗಿದ್ದರೆ ಅದರ ತದ್ವಿರುದ್ಧ, ಉಸಿರನ್ನೂ ಅಳೆದು ಅಳೆದು ಬಿಡುತ್ತ ಅಲ್ಲಾಡದೆ ಮಲಗಿರಬೇಕು. ಹೊಟ್ಟೆಯ ವೇಷ ಹಾಕಿ ಬಂದ ಹೃದಯಾಘಾತದ ಚೀಟಿಯೂ ಒಂದಿತ್ತು. ಅದರಲ್ಲಿ ಅರ್ಧಕ್ಕರ್ಧ ವಿದ್ಯಾರ್ಥಿಗಳು ಫೇಲಾಗುತ್ತಿದ್ದರು, ಮೇಷ್ಟ್ರಿಗೆ ಅದು ಬಹಳ ಇಷ್ಟದ ಚೀಟಿ.

ಪ್ರತಿ ಚೀಟಿಯ ಕೆಳಗೂ ಕೆಂಪು ಶಾಯಿಯಲ್ಲಿ ಒಂದು ಸಾಲು: ಕೇಳಿದರೆ ಮಾತ್ರ ಹೇಳಿ. ವಿದ್ಯಾರ್ಥಿ "ವಾಂತಿ ಆಯಿತೇ?" ಎಂದು ಕೇಳಿದರೆ ಹೌದು ಎನ್ನಬೇಕು, ಕೇಳದೇ ಹೋದರೆ ಬಾಯಿ ಹೊಲಿದುಕೊಂಡು ಮಲಗಿರಬೇಕು. ಹುಡುಗ ಬೆವರುತ್ತಿರುತ್ತಾನೆ, ಇನ್ನೊಂದೇ ಪ್ರಶ್ನೆ ಕೇಳಿದರೆ ಪಾಸು. ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಉತ್ತರ ಕುಣಿಯುತ್ತಿರುತ್ತದೆ. ಆದರೂ ಹೇಳುವಂತಿಲ್ಲ. ಈ ಸಂಯಮ ಎಲ್ಲರಿಗೂ ಬರುವುದಲ್ಲ. ಕಾಲೇಜಿನವರು ಇದೇ ಕೆಲಸಕ್ಕೆ ಕರೆತಂದ ಇಬ್ಬರು ನಾಟಕದವರು, ಕೇಳುವ ಮುಂಚೆಯೇ ತಮ್ಮ ಕಷ್ಟವನ್ನೆಲ್ಲ ತೋಡಿಕೊಂಡು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡಿದ್ದರು.

ಮೇಷ್ಟ್ರು ನಾಟಕದವರಲ್ಲ. ಇಪ್ಪತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಮೊಣಕಾಲೂರಿ ಕೂತು ಗಿರಾಕಿಗಳ ಕಾಲಿಗೆ ಬೂಟು ತೊಡಿಸಿದವರು. "ಸರಿಯಾಗಿದೆ, ಸರಿಯಾಗಿದೆ" ಎನ್ನುತ್ತಿರುವ ಗಿರಾಕಿಯ ಹುಬ್ಬಿನ ನಡುವೆ ಒಂದು ಗೆರೆ ಮೂಡಿತೋ, ಬೂಟು ಕಚ್ಚುತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಮ್ಮೆ ಕಾಲೇಜಿನ ದೊಡ್ಡ ಸರ್ಜನ್ ಬಂದು ಒಂದು ಜೊತೆ ಇಷ್ಟಪಟ್ಟಾಗ ಇವರು, "ಬೇಡಿ ಸಾರ್, ಎಡಗಾಲಿನ ಕಿರುಬೆರಳು ಅಳ್ತಾ ಇದೆ" ಅಂದುಬಿಟ್ಟರು. ಸರ್ಜನ್ ನಕ್ಕು ಬರಿಗೈಯಲ್ಲಿ ಹೋದರು. ಮುಂದೆ ಅಂಗಡಿ ಮುಚ್ಚಿ ಇವರು ಮನೆಯಲ್ಲಿ ಕೂತಾಗ ಹುಡುಕಿಸಿ ಕರೆಸಿಕೊಂಡರು. "ಬೇರೆಯವರ ಮುಖದಲ್ಲಿ ನೋವು ಕಂಡುಹಿಡೀತೀಯಲ್ಲ, ಅದನ್ನ ನಿನ್ನ ಮುಖದ ಮೇಲೆ ತಂದುಕೋ" ಎಂದು ಮೊದಲ ಚೀಟಿ ಕೈಗಿಟ್ಟರು. ಆ ಸರ್ಜನ್ ನಿವೃತ್ತರಾದರು, ತೀರಿಯೂ ಹೋದರು. ಮೇಷ್ಟ್ರು ಮಾತ್ರ ಹತ್ತೊಂಬತ್ತು ವರ್ಷ ಅದೇ ಮಂಚದ ಮೇಲೆ ಉಳಿದರು.

ವಿದ್ಯಾರ್ಥಿಗಳಿಗೆ ಅವರ ಮೇಲೆ ಪ್ರೀತಿ. ಪರೀಕ್ಷೆ ಮುಗಿದ ಮೇಲೆ ಕಾರಿಡಾರಿನಲ್ಲಿ ಸುತ್ತುವರಿದು, "ಮೇಷ್ಟ್ರೇ, ನಾವೇನು ತಪ್ಪು ಮಾಡಿದ್ವಿ?" ಎಂದು ಕೇಳುವರು. "ನಿನ್ನ ಕೈ ಐಸ್ ಇದ್ದ ಹಾಗಿದೆ ಮಾರಾಯ, ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟು." "ನೀನು ನನ್ನ ಹೊಟ್ಟೆ ನೋಡ್ಕೊಂಡು ಒತ್ತಿದೆ ಕಣಮ್ಮ. ನೋವು ಹೊಟ್ಟೇಲಿ ಕಾಣಲ್ಲ, ಮುಖ ನೋಡ್ಕೊಂಡು ಒತ್ತು." ಇಂಥ ಮಾತು ಯಾವ ಪುಸ್ತಕದಲ್ಲಿದೆ ಹೇಳಿ! ಹೊಟ್ಟೆ ಮೇಷ್ಟ್ರು ಎಂಬ ಹೆಸರು ಬಂದದ್ದೇ ಹೀಗೆ. ಹೆಂಗಸರ ಹೊಟ್ಟೆಯ ಪರೀಕ್ಷೆಗಳು ಮೇಲಿನ ಮಹಡಿಯಲ್ಲಿ, ಬೇರೆಯವರಿಂದ ನಡೆಯುತ್ತಿದ್ದವು. ಮೇಷ್ಟ್ರು ಆ ಮೆಟ್ಟಿಲು ಹತ್ತಿದವರಲ್ಲ.

ಮನೆ ಎರಡು ಕೋಣೆಯದು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಹೆಂಡತಿ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ, ಹಳೆಯದನ್ನು ಸರಿಮಾಡಿಕೊಡುತ್ತಿದ್ದರು. ದಪ್ಪಗಾದವರಿಗೆ ಸೊಂಟ ಬಿಚ್ಚಿ ಹೊಲಿಯುವುದು, ತೆಳ್ಳಗಾದವರಿಗೆ ಹಿಡಿಯುವುದು, ಅಣ್ಣನ ಪ್ಯಾಂಟು ತಮ್ಮನಿಗೆ ಕುಗ್ಗಿಸುವುದು. ಮಕ್ಕಳಿರಲಿಲ್ಲ. ಮೂರು ಬೀದಿಯಾಚೆ ಆಕೆಯ ತಂಗಿ, ಅಂದರೆ ಮೇಷ್ಟ್ರ ನಾದಿನಿ, ಇದ್ದಳು. ಅವಳ ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೆಯದು.

ಪರೀಕ್ಷೆಗೆ ಮುಂಚಿನ ವಾರವೆಲ್ಲ ಮನೆಯಲ್ಲಿ ಸಂಜೆ ತಾಲೀಮು. ಮೇಷ್ಟ್ರು ಚಾಪೆಯ ಮೇಲೆ ಮಲಗುವರು, ಹೆಂಡತಿ ಯಂತ್ರ ತುಳಿಯುತ್ತಲೇ ವಿದ್ಯಾರ್ಥಿಯಾಗಿ ಪ್ರಶ್ನೆ ಎಸೆಯುವರು.

"ಯಾವಾಗಿಂದ ನೋವು?"

"ಬೆಳಿಗ್ಗೆಯಿಂದ ಡಾಕ್ಟ್ರೇ."

"ಜಾಗ ಬದಲಾಯಿಸ್ತಾ?"

"ಅಯ್ಯೋ, ಹೊಕ್ಕುಳ ಹತ್ತಿರ ಇತ್ತು, ಈಗ..."

"ಕೈ ತಪ್ಪು ಕಡೆ ಇಟ್ಟಿದ್ದೀರ ರೀ. ಅದು ನಿನ್ನೆಯ ಹೊಟ್ಟೆನೋವು!"

ಇಬ್ಬರೂ ನಗುವರು. ಕೆಲವೊಮ್ಮೆ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಮೇಷ್ಟ್ರೇ ಡಾಕ್ಟರಾಗಿ, ಹೆಂಡತಿಯನ್ನು ಚಾಪೆಯ ಮೇಲೆ ಮಲಗಿಸುತ್ತಿದ್ದರು. ನಿಜ ಹೇಳಬೇಕೆಂದರೆ ಆಕೆಯೇ ಹೆಚ್ಚು ಚೆನ್ನಾಗಿ ಮಾಡುತ್ತಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ. ಕೇಳದ್ದನ್ನು ಎಷ್ಟು ಕೆಣಕಿದರೂ ಬಾಯಿ ಬಿಡುತ್ತಿರಲಿಲ್ಲ. "ನಿನ್ನ ಹೊಟ್ಟೆಯೊಳಗಿನ ಗುಟ್ಟು ದೇವರಿಗೂ ಸಿಗಲ್ಲ ಕಣೇ" ಎಂದು ಮೇಷ್ಟ್ರು ಮೆಚ್ಚಿಕೊಳ್ಳುತ್ತಿದ್ದರು. ಆಮೇಲೆ ಎಷ್ಟೋ ಸಲ ಆ ಮೆಚ್ಚುಗೆ ನೆನಪಾಗಿ ಅವರು ಹಲ್ಲು ಕಚ್ಚಿಕೊಂಡದ್ದುಂಟು.

ಬೀದಿಯವರಿಗೂ ಇವರೇ ಅರ್ಧ ಡಾಕ್ಟರು. ಹೊಟ್ಟೆ ಹಿಡಿದುಕೊಂಡು ಬಂದವರನ್ನು ಮೇಷ್ಟ್ರು ಚಾಪೆಯ ಮೇಲೆ ಮಲಗಿಸಿ, ಕೈ ಉಜ್ಜಿಕೊಂಡು, ಮುಖ ನೋಡುತ್ತ ಒತ್ತುವರು. ಹಾಲಿನವನ ಅಪೆಂಡಿಕ್ಸನ್ನು ಹಿಡಿದು ಆಸ್ಪತ್ರೆಗೆ ಅಟ್ಟಿದ್ದರು. "ಎದೆಯುರಿ ಅಷ್ಟೇ" ಎಂದು ಹಲ್ಲುಕಿರಿಯುತ್ತ ನಿಂತಿದ್ದ ಬೇಕರಿಯವನ ಬೆವರು ನೋಡಿ, ಕೈ ಹಿಡಿದು ಆಟೋ ಹತ್ತಿಸಿದ್ದರು. ಅವನ ಹೃದಯ ಉಳಿದದ್ದೇ ಅದರಿಂದ. ಗೊತ್ತಾಗದಿದ್ದರೆ, "ನನ್ನ ಚೀಟೀಲಿಲ್ಲಪ್ಪ, ನೀನು ಆಸ್ಪತ್ರೆಗೆ ಹೋಗು" ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದರು. ಹೊರಗಿನವರ ವಿಷಯದಲ್ಲಿ ಅಷ್ಟು ವಿವೇಕ ಅವರಿಗಿತ್ತು.

ಆ ವರ್ಷ ಬಿಸಿಲು ಏರತೊಡಗಿದ ದಿನಗಳಲ್ಲಿ ಒಂದು ಮಧ್ಯಾಹ್ನ ಯಂತ್ರದ ಸದ್ದು ನಿಂತಿತು. ಒಳಗಿದ್ದ ಮೇಷ್ಟ್ರು ಇಣುಕಿ ನೋಡಿದರೆ ಹೆಂಡತಿ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು.

"ಏನಾಯ್ತೇ?"

"ಏನಿಲ್ಲ ರೀ. ಹೊಟ್ಟೆ ಒಂಥರಾ ಆಗ್ತಿದೆ, ಸ್ವಲ್ಪ ದಿನದಿಂದ."

ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ಮೇಷ್ಟ್ರಿಗೆ ಹುಮ್ಮಸ್ಸೇ ಬಂತು. ಮನೆಯಲ್ಲೇ ನಿಜವಾದ ಹೊಟ್ಟೆನೋವು! ಚಾಪೆ ಹಾಸಿದರು, ದಿಂಬು ಕೊಟ್ಟರು, ಅಂಗೈ ಉಜ್ಜಿಕೊಂಡರು. ಆಕೆಯೂ ನಗುತ್ತಲೇ ಮಲಗಿದರು.

"ನೋವು ಹತ್ತರಲ್ಲಿ ಎಷ್ಟು?"

"ಎರಡು."

"ಜಾಗ ಬದಲಾಯಿಸ್ತಾ?"

"ಇಲ್ಲ."

"ಬಂದು ಬಂದು ಹೋಗುತ್ತಾ? ಬೆನ್ನಿಗೆ, ಹೆಗಲಿಗೆ ಹರಿಯುತ್ತಾ?"

"ಇಲ್ಲ, ಇಲ್ಲ."

"ವಾಂತಿ? ಜ್ವರ? ಜಿಡ್ಡು ತಿಂದ ಮೇಲೆ ಜಾಸ್ತಿ? ಮಲದಲ್ಲಿ ರಕ್ತ?"

ಎಲ್ಲಕ್ಕೂ ಇಲ್ಲ. ಮೇಷ್ಟ್ರು ನಾಲ್ಕೂ ಮೂಲೆ ಒತ್ತಿದರು, ಮುಖ ನೋಡಿದರು. ಮುಖದಲ್ಲಿ ನಗುವಿತ್ತು. ಹದಿನಾಲ್ಕು ಚೀಟಿಗಳನ್ನೂ ಮನಸ್ಸಿನಲ್ಲಿ ಒಂದೊಂದಾಗಿ ತಿರುವಿಹಾಕಿದರು. ಯಾವುದೂ ಕೂಡಿಬರಲಿಲ್ಲ.

"ಏನೂ ಇಲ್ಲ ಕಣೇ. ಗ್ಯಾಸು. ಇಡೀ ದಿನ ಕೂತೇ ಇರ್ತೀಯ, ಸಂಜೆ ಸ್ವಲ್ಪ ಓಡಾಡು."

"ನಾನೂ ಹಾಗೇ ಅಂದುಕೊಂಡೆ" ಎಂದು ಆಕೆ ಎದ್ದು ಯಂತ್ರಕ್ಕೆ ಕೂತರು. ಸಂಜೆ ಓಡಾಡತೊಡಗಿದರು. ಗಂಡ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಹೆಂಗಸು.

ಹೀಗೆ ಐದು ತಿಂಗಳು. ನಡುವೆ ಎರಡು ಸಲ ಮೇಷ್ಟ್ರು ಮತ್ತೆ ಚಾಪೆ ಹಾಸಿ ನೋಡಿದರು. ಕೇಳಿದ ಪ್ರಶ್ನೆಗಳು ಅವೇ, ಬಂದ ಉತ್ತರಗಳೂ ಅವೇ. ಎರಡನೆಯ ಸಲ ಹೊಟ್ಟೆ ಕೈಗೆ ತುಂಬಿಕೊಂಡು ಸಿಕ್ಕಿತು. "ನಿಂಗೂ ಹೊಟ್ಟೆ ಬಂತಲ್ಲೇ! ಊರಿಗೆಲ್ಲ ಸೊಂಟ ಬಿಚ್ಚಿ ಹೊಲಿಯೋಳು ಇನ್ನು ನಿಂದೇ ಬಿಚ್ಚಬೇಕು" ಎಂದು ಹಾಸ್ಯ ಮಾಡಿದರು. ಆಗಲೇ ಬಿಚ್ಚಿ ಹೊಲಿದುಕೊಂಡಿದ್ದ ಆಕೆ ಸುಮ್ಮನೆ ನಕ್ಕರು.

ನಾದಿನಿ ಒಂದು ದಿನ ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತಳು. "ಭಾವ, ಅಕ್ಕನ ಕುತ್ತಿಗೆ ನೋಡಿ, ಮೂಳೆ ಎದ್ದಿದೆ. ಹೊಟ್ಟೆ ಮಾತ್ರ ಹೀಗಿದೆ. ಡಾಕ್ಟ್ರಿಗೆ ತೋರಿಸಬಾರದಾ?"

ಮೇಷ್ಟ್ರು ಬಾಯಿ ತೆರೆಯುವ ಮುಂಚೆಯೇ ಹೆಂಡತಿ, "ಮನೇಲೇ ಡಾಕ್ಟ್ರಿಟ್ಟುಕೊಂಡು ಇನ್ನೆಲ್ಲಿಗೆ ಹೋಗಲೇ? ಹತ್ತೊಂಬತ್ತು ವರ್ಷದ ಸರ್ವಿಸು ನಿನ್ನ ಭಾವಂದು" ಅಂದರು. ಆ ಮಾತಿನಲ್ಲಿ ವ್ಯಂಗ್ಯ ಒಂದು ಚೂರೂ ಇರಲಿಲ್ಲ. ಇದ್ದದ್ದು ಹೆಮ್ಮೆ. ಮೇಷ್ಟ್ರು ಆ ಹೆಮ್ಮೆಯಲ್ಲಿ ಬೀಗಿದರು. ಬೇಕರಿಯವನ ಬೆವರು ಕಂಡ ಕಣ್ಣಿಗೆ ಹೆಂಡತಿಯ ಕುತ್ತಿಗೆಯ ಮೂಳೆ ಕಾಣಲಿಲ್ಲ ಎಂದರೆ ನೀವು ನಂಬಬೇಕು. ದಿನಾ ನೋಡುವ ಮುಖವನ್ನು ಯಾರೂ ನೋಡುವುದಿಲ್ಲ.

ಐದನೆಯ ತಿಂಗಳ ಕೊನೆಯಲ್ಲಿ ಹೊಟ್ಟೆ ಬಿಗಿದು ಉಸಿರು ಸಿಕ್ಕಿಕೊಳ್ಳುವಂತಾಗಿ, ಆಕೆಗೆ ಯಂತ್ರದ ಮುಂದೆ ಬಗ್ಗಿ ಕೂರಲು ಆಗಲಿಲ್ಲ. ನಾದಿನಿ ಯಾರನ್ನೂ ಕೇಳದೆ ಆಟೋ ತಂದು ನಿಲ್ಲಿಸಿ ಅಕ್ಕನನ್ನು ಹತ್ತಿಸಿದಳು. ಮೇಷ್ಟ್ರು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಓಡಿದರು. ಅದೇ ಕಾಲೇಜಿನ ಆಸ್ಪತ್ರೆ. ಆದರೆ ಈ ಸಲ ಮೇಲಿನ ಮಹಡಿ.

ಅಲ್ಲಿದ್ದ ಲೇಡಿ ಡಾಕ್ಟರು ಒಂದು ಕಾಲಕ್ಕೆ ಮೇಷ್ಟ್ರ ಹೊಟ್ಟೆಯ ಮೇಲೆ ತಣ್ಣನೆಯ ಕೈ ಇಟ್ಟು ಪಾಸಾದವರೇ. "ಬನ್ನಿ ಮೇಷ್ಟ್ರೇ" ಎಂದು ಸ್ಟೂಲು ಕೊಟ್ಟರು. ಆಮೇಲೆ ಮೇಷ್ಟ್ರ ಕಡೆ ನೋಡಲಿಲ್ಲ. ಕೈ ಉಜ್ಜಿಕೊಂಡು, ಆಕೆಯ ಮುಖ ನೋಡುತ್ತ, ಕೇಳಲು ಶುರುಮಾಡಿದರು.

"ಊಟಕ್ಕೆ ಕೂತರೆ ಬೇಗ ಹೊಟ್ಟೆ ತುಂಬಿದ ಹಾಗಾಗುತ್ತಾ ಅಮ್ಮ?"

"ಆಗುತ್ತೆ. ಎರಡು ತುತ್ತಿಗೇ ಸಾಕಾಗಿಬಿಡುತ್ತೆ."

"ಎಷ್ಟು ದಿನ ಆಯ್ತು?"

"ಬಿಸಿಲು ಶುರುವಾದಾಗಿಂದ."

"ಬಾತ್‌ರೂಮಿಗೆ ಪದೇ ಪದೇ ಹೋಗಬೇಕು ಅನ್ಸುತ್ತಾ?"

"ಹೂಂ. ಒಂದು ಪ್ಯಾಂಟಿನ ಸೊಂಟ ಹೊಲಿಯೋದ್ರೊಳಗೆ ಎರಡು ಸಲ."

"ಬಟ್ಟೆ ಬಿಗಿ ಆಗ್ತಿದೆಯಾ?"

"ನನ್ನ ಲಂಗದ ಪಟ್ಟಿ ಎರಡು ಸಲ ಬಿಚ್ಚಿ ಹೊಲ್ಕೊಂಡೆ. ತೋಳು ಮಾತ್ರ ಸಡಿಲ."

"ನಿಮ್ಮ ತಾಯಿ ಕಡೆ ಯಾರಿಗಾದ್ರೂ ಗರ್ಭಕೋಶದ್ದೋ, ಎದೆಯದ್ದೋ ಕಾಯಿಲೆ?"

"ನಮ್ಮ ಚಿಕ್ಕಮ್ಮಂಗೆ ಇತ್ತು. ಹೊಟ್ಟೇಲಿ ನೀರು ತುಂಬಿಕೊಂಡು ಹೋದ್ರು."

ಸ್ಟೂಲಿನ ಮೇಲಿದ್ದ ಮೇಷ್ಟ್ರು ಒಂದೊಂದು ಉತ್ತರಕ್ಕೂ ಒಂದೊಂದು ಗೇಣು ಕುಗ್ಗಿದರು. ಇದಿಷ್ಟನ್ನೂ ಅವರು ಕೇಳುತ್ತಿರುವುದು ಇದೇ ಮೊದಲು. ಎರಡು ತುತ್ತು, ಲಂಗದ ಪಟ್ಟಿ, ಚಿಕ್ಕಮ್ಮ. ಒಂದೇ ಸೂರಿನಡಿ, ಒಂದೇ ತಟ್ಟೆಯ ಎದುರು ಕೂತು ಐದು ತಿಂಗಳು. ಅವರಿಗೆ ತಡೆಯಲಾಗಲಿಲ್ಲ.

"ಇದನ್ನೆಲ್ಲ ನಂಗ್ಯಾಕೇ ಹೇಳಲಿಲ್ಲ?"

ಆಕೆ ತಿರುಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ನೀವು ಕೇಳಲಿಲ್ಲವಲ್ಲ ರೀ. ಬೇಕಾದ್ದಾಗಿದ್ರೆ ಕೇಳ್ತಿದ್ರಿ ಅಂದುಕೊಂಡೆ."

ಡಾಕ್ಟರು ಹೊಟ್ಟೆಯ ಪಕ್ಕೆಗಳನ್ನು ಬೆರಳಿಂದ ತಟ್ಟಿ ನೋಡುತ್ತಿದ್ದರು. ಒಂದು ಕಡೆ ಡೊಳ್ಳಿನ ಸದ್ದು, ಇನ್ನೊಂದು ಕಡೆ ಮಂಕು ಸದ್ದು. ನೀರು ತುಂಬಿದ ಹೊಟ್ಟೆಯ ಸದ್ದು ಹೇಗಿರುತ್ತದೆ ಎಂದು ಮೇಷ್ಟ್ರಿಗೆ ಆ ದಿನ ಗೊತ್ತಾಯಿತು. ಸ್ಕ್ಯಾನು ಆಯಿತು, ರಕ್ತ ಪರೀಕ್ಷೆ ಆಯಿತು. ಅಂಡಾಶಯದಲ್ಲಿ ಹುಟ್ಟಿದ ಗೆಡ್ಡೆ ಒಳಗೆಲ್ಲ ಬೀಜ ಚೆಲ್ಲಿಬಿಟ್ಟಿತ್ತು. ಹೊಟ್ಟೆ ತೆರೆದು ತೆಗೆಯಲು ಆದಷ್ಟನ್ನು ತೆಗೆದರು. ಮೂರು ಸಲ ಕ್ಯಾನ್ಸರಿನ ಔಷಧಿ ಹತ್ತಿಸಿದರು, ನಾಲ್ಕನೆಯದಕ್ಕೆ ಮೈ ಒಪ್ಪಲಿಲ್ಲ.

ಒಂದು ದಿನ ಮೇಷ್ಟ್ರು ಡಾಕ್ಟರ ಕೋಣೆಯ ಬಾಗಿಲು ಹಿಡಿದು ನಿಂತರು. "ಐದು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ?"

ಆ ಹೆಣ್ಣುಮಗಳು ಒಳ್ಳೆಯವಳು, ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಮೇಷ್ಟ್ರೇ. ಇದು ಮೊದಲಿಂದ್ಲೂ ಕಳ್ಳ ಕಾಯಿಲೆ. ಎಷ್ಟೋ ಸಲ ನಮಗೇ ಸಿಗಲ್ಲ. ಇನ್ನೊಂದಿಷ್ಟು ದಿನ ಸಿಗ್ತಿತ್ತೇನೋ. ಸಿಗ್ತಾನೇ ಇರಲಿಲ್ಲವೇನೋ."

"ನನ್ನ ಹದಿನಾಲ್ಕು ಚೀಟೀಲಿ ಇದು ಇರಲಿಲ್ಲ."

"ಅವು ಗಂಡಸರ ಹೊಟ್ಟೆಗೆ ಬರೆದ ಚೀಟಿಗಳು ಮೇಷ್ಟ್ರೇ."

ಮೇಷ್ಟ್ರು ಹತ್ತೊಂಬತ್ತು ವರ್ಷ ಆ ಚೀಟಿಗಳನ್ನು ಅರೆದು ಕುಡಿದಿದ್ದರು, ಈ ಒಂದು ವಿಷಯ ಮಾತ್ರ ಹೊಳೆದಿರಲಿಲ್ಲ. ಹೊಟ್ಟೆ ಎಂದರೆ ಹೊಟ್ಟೆ, ಎಲ್ಲರದೂ ಒಂದೇ ಎಂದುಕೊಂಡು, ಗಂಡಸಿನ ಹೊಟ್ಟೆಯ ಪ್ರಶ್ನೆಗಳನ್ನು ಹೆಂಡತಿಯ ಹೊಟ್ಟೆಗೆ ಕೇಳಿದ್ದರು. ಕೇಳಿ, ಗ್ಯಾಸು ಎಂದು ತೀರ್ಪು ಕೊಟ್ಟಿದ್ದರು.

"ಹೆಂಗಸರ ಚೀಟೀಲಿ ಇದೆಯಾ?"

ಡಾಕ್ಟರು ತಲೆ ಆಡಿಸಿದರು. "ಇಲ್ಲ. ಬಸಿರಿನದು, ಗರ್ಭನಾಳದ್ದು, ಅಂಥ ಜೋರು ನೋವುಗಳೇ ಇವೆ. ಇಂಥ ಮೆತ್ತನೆ ನೋವು ಎಂಟು ನಿಮಿಷದ ಪರೀಕ್ಷೆಗೆ ಒಗ್ಗಲ್ಲ ಅಂತ ಯಾರೂ ಬರೀಲಿಲ್ಲ. ನಾನು ಬರೀಬೇಕು ಅಂತಿದ್ದೀನಿ. ಅಮ್ಮನ್ನ ಕೇಳಿ ಬರೀಬಹುದಾ?"

ಮನೆಗೆ ಬಂದು ಕೇಳಿದಾಗ ಹೆಂಡತಿ ತಕ್ಷಣ ಒಪ್ಪಿದರು. "ಬರಲಿ ಬಿಡಿ. ನೀವೊಬ್ಬರೇ ಎಷ್ಟು ವರ್ಷ ಅಂತ ಹೊಟ್ಟೆನೋವಿನ ಮೆರವಣಿಗೆ ಮಾಡ್ತೀರ."

ಆ ಹೊತ್ತಿಗೆ ಆಕೆಯ ಮಂಚವನ್ನು ಮುಂದಿನ ಕೋಣೆಗೆ ತಂದು ಕಿಟಕಿಯ ಪಕ್ಕ ಹಾಕಿದ್ದರು. ಹೊಲಿಗೆ ಯಂತ್ರದ ಮೇಲೆ ಮಾತ್ರೆ, ನೀರಿನ ಲೋಟ, ಮಡಿಸಿದ ಟವೆಲು. ಗಿರಾಕಿಗಳ ಬಟ್ಟೆಯನ್ನೆಲ್ಲ ನಾದಿನಿ ಮನೆಮನೆಗೆ ವಾಪಸು ಕೊಟ್ಟು ಬಂದಿದ್ದಳು. ಡಾಕ್ಟರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಹೊದಿಕೆಯ ಮೇಲೆ ಬಿದ್ದಿದ್ದ ಹೊತ್ತಿಗೆ. ಮೇಷ್ಟ್ರ ಅಕ್ಷರ ದುಂಡಗಿದೆ ಎಂದು ಹೆಂಡತಿಯೇ ಅವರ ಕೈಗೆ ಪೆನ್ನು ಕೊಡಿಸಿದರು.

ಬಹಳ ದಿನದ ಮೇಲೆ ಆಕೆ ಚುರುಕಾಗಿದ್ದರು. "ನೋವು ಅಂತ ಬರೀಬೇಡಿ ರೀ. ನೋವಲ್ಲ ಅದು. ಊಟ ಆದಮೇಲೆ ಬರೋ ಭಾರ ಊಟಕ್ಕೆ ಮುಂಚೇನೇ ಬಂದು ಕೂತ ಹಾಗೆ. ಹಾಂ, ಹಾಗೇ ಬರೀರಿ." ಡಾಕ್ಟರು ಒಂದೊಂದೇ ಕೇಳಿದರು. ಆಕೆ ಹೇಳಿದರು, ತಿದ್ದಿದರು, ಒಂದು ಸಾಲನ್ನು ಹೊಡೆದುಹಾಕಿಸಿ ಮತ್ತೆ ಹೇಳಿದರು. ಸೊಂಟದ ಪಟ್ಟಿ ಎಷ್ಟು ಬೆರಳು ಬಿಚ್ಚಿದ್ದು ಎನ್ನುವುದನ್ನೂ ಬರೆಸಿದರು. ಕೊನೆಗೆ ಡಾಕ್ಟರು, ಬೇರೆಲ್ಲ ಚೀಟಿಗಳಲ್ಲಿ ಇರುವಂತೆ, ಅಭ್ಯಾಸಬಲದಿಂದ ಕೇಳಿದರು:

"ಇದಕ್ಕೆ ಮುಂಚೆ ಯಾರಿಗಾದ್ರೂ ತೋರಿಸಿದ್ರಾ ಅಂತ ವಿದ್ಯಾರ್ಥಿ ಕೇಳಿದರೆ?"

ಕೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಮೇಷ್ಟ್ರ ಪೆನ್ನು ನಿಂತಿತು.

"ತೋರಿಸಿದೆ" ಎಂದರು ಹೆಂಡತಿ. ದನಿ ಏರಲಿಲ್ಲ, ಇಳಿಯಲಿಲ್ಲ. "ಮನೆಯೋರಿಗೆ ತೋರಿಸಿದೆ. ಮೂರು ಸಲ. ಗ್ಯಾಸು ಅಂದರು."

"ಅದು ಬೇಡ ಬಿಡಿ ಮೇಷ್ಟ್ರೇ, ಆ ಪ್ರಶ್ನೆ ತೆಗೆದುಹಾಕೋಣ" ಎಂದರು ಡಾಕ್ಟರು.

"ಇರಲಿ" ಎಂದರು ಮೇಷ್ಟ್ರು. ಬರೆದರು. ಮನೆಯವರಿಗೆ ತೋರಿಸಿದೆ, ಮೂರು ಸಲ, ಗ್ಯಾಸು ಅಂದರು. ಅಕ್ಷರ ದುಂಡಗೇ ಬಂತು. ಬರೆದ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಡಾಕ್ಟರಿಗೆ ಕೊಟ್ಟರು, ಬಾಗಿಲವರೆಗೆ ಬಿಟ್ಟು ಬಂದರು.

ವಾಪಸು ಬಂದು ಮಂಚದ ಅಂಚಿನಲ್ಲಿ ಕೂತರು. ಕಾಯಿಲೆ ಗೊತ್ತಾದ ದಿನದಿಂದ ಅವರು ದಿನಕ್ಕೆ ನೂರು ಪ್ರಶ್ನೆ ಕೇಳುತ್ತಿದ್ದರು. ನೀರು ಬೇಕಾ, ನೋವಾ, ಎಲ್ಲಿ, ಎಷ್ಟು, ದಿಂಬು ಎತ್ತರವಾಯಿತಾ, ನಿದ್ದೆ ಬಂತಾ. ಆಕೆಗೆ ಬೇಸರವಾಗಿ ಕಣ್ಣು ಮುಚ್ಚಿಕೊಳ್ಳುವಷ್ಟು ಕೇಳುತ್ತಿದ್ದರು. ಗಂಟಲವರೆಗೆ ಬಂದು ವಾಪಸು ಹೋಗುತ್ತಿದ್ದದ್ದು ಒಂದೇ ಒಂದು ಪ್ರಶ್ನೆ. ಅದಕ್ಕೆ ಯಾವ ಉತ್ತರ ಬಂದೀತು ಎಂಬ ಭಯಕ್ಕಿಂತ, ಕೇಳದೆಯೇ ಆಕೆ ಹೋಗಿಬಿಟ್ಟರೆ ಎಂಬ ಭಯ ಅವತ್ತು ದೊಡ್ಡದಾಯಿತು.

"ಲೇ, ನನ್ನ ಮೇಲೆ ಸಿಟ್ಟಿದೆಯಾ?"

ಇಲ್ಲ ಎನ್ನುತ್ತಾರೆ ಎಂದು ಅವರ ಮನಸ್ಸು ಕಾದು ಕೂತಿತ್ತು. ಸುಳ್ಳೇಕೆ, ಇಲ್ಲ ಎಂಬ ಆ ಒಂದು ಮಾತಿಗಾಗಿಯೇ ಅವರು ಕೇಳಿದ್ದು.

ಆಕೆ ಸೂರಿನಿಂದ ಕಣ್ಣಿಳಿಸಿ ಅವರನ್ನು ನೋಡಿದರು.

"ಇದೆ."

ಮೇಷ್ಟ್ರು ಕಾದರು. ಆದರೂ ಎಂದೋ, ಇರಲಿ ಬಿಡಿ ಎಂದೋ ಇನ್ನೊಂದು ಮಾತು ಬರುತ್ತದೆ ಎಂದು ಕಾದರು.

"ಬಹಳ ಇದೆ ರೀ" ಎಂದರು ಆಕೆ. "ಹಾಲಿನವನ ಹೊಟ್ಟೆ ಆಸ್ಪತ್ರೆಗೆ ಹೋಯ್ತು. ಬೇಕರಿಯವನ್ನ ಕೈ ಹಿಡಿದು ಎಳ್ಕೊಂಡು ಹೋದ್ರಿ. ಗೊತ್ತಾಗಲಿಲ್ಲ ಅಂದ್ರೆ ಊರೋರಿಗೆಲ್ಲ ಗೊತ್ತಿಲ್ಲ ಅಂತಿದ್ರಿ. ನನಗೊಬ್ಬಳಿಗೆ ಗೊತ್ತಿಲ್ಲ ಅನ್ನೋಕ್ಕೆ ನಿಮಗೆ ಬಾಯಿ ಬರಲಿಲ್ಲ."

ಉಸಿರು ಸಾಲದೆ ಆಕೆ ನಿಲ್ಲಿಸಿದರು. ಮೇಷ್ಟ್ರಿಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಗಂಟಲಿಂದ ಗಾಳಿ ಮಾತ್ರ ಹೊರಟಿತು. ಮೂವತ್ತು ಜನರ ಮುಂದೆ ಬೇಕಾದ ಹಾಗೆ ನರಳಬಲ್ಲ ಮನುಷ್ಯನಿಗೆ ಸದ್ದೇ ಬರಲಿಲ್ಲ.

"ಎಡಗಡೆಗೆ ತಿರುಗಿಸಿ" ಎಂದರು ಆಕೆ. "ಬೆನ್ನು ಹಿಡಿದಿದೆ."

ಅವರು ಒಂದು ಕೈ ಹೆಗಲ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಕೊಟ್ಟು ಮೆಲ್ಲಗೆ ತಿರುಗಿಸಿದರು. ತಿರುಗುವಾಗ ಆಸರೆಗೆಂದು ಹಿಡಿದ ಅವರ ಮಣಿಕಟ್ಟನ್ನು ಆಕೆ ತಿರುಗಿದ ಮೇಲೂ ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ ನಿದ್ದೆ ಹೋದರು. ಮೇಷ್ಟ್ರು ಬಗ್ಗಿದ ಬೆನ್ನಿನಲ್ಲೇ ಬಹಳ ಹೊತ್ತು ನಿಂತಿದ್ದರು.

ಆಮೇಲೆ ಆಕೆ ಹನ್ನೊಂದು ದಿನ ಇದ್ದರು. ಆ ಹನ್ನೊಂದು ದಿನದಲ್ಲಿ ಇಬ್ಬರೂ ಎಷ್ಟೋ ಮಾತಾಡಿದರು. ಮದುವೆಯಾದ ಹೊಸದರಲ್ಲಿ ಬಾಡಿಗೆಗಿದ್ದ ಕೋಣೆಯ ಮಾತು, ಹುಟ್ಟಿ ಉಳಿಯದ ಮಗುವಿನ ಮಾತು, ಮಳೆ ಸೋರುವ ಅಡುಗೆಮನೆಯ ಮೂಲೆಯನ್ನು ಸರಿಮಾಡಿಸುವ ಮಾತು. ಒಂದೆರಡು ಸಲ ನಕ್ಕರು ಕೂಡ. ಅವತ್ತು ಆಡಿದ ಆ ಮಾತನ್ನು ಮಾತ್ರ ಆಕೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೋ ಎಂದು ಮೇಷ್ಟ್ರೂ ಕೇಳಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ, ನಾದಿನಿ ಚಮಚದಲ್ಲಿ ನೀರು ಹನಿಸುತ್ತಿದ್ದಾಗ, ನೀರು ತುಟಿಯ ಅಂಚಿನಿಂದ ಹೊರಗೆ ಹರಿಯಿತು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ನಾದಿನಿ ಮಂಚದ ಹಾಸಿಗೆ ಸುತ್ತುತ್ತಿದ್ದಳು. ಮೇಷ್ಟ್ರು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು, ಎರಡು ದಿನದಿಂದ ಏನೂ ತಿಂದಿರಲಿಲ್ಲ. ಅವರ ಸ್ಥಿತಿ ನೋಡಲಾರದೆ ಅವಳು ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟಳು. ಜೋರು ಬಾಯಿಯವಳ ದನಿ ಅವತ್ತು ತಗ್ಗಿತ್ತು.

"ಹೀಗೆ ಕೊರಗಬೇಡಿ ಭಾವ. ಅಕ್ಕಂಗೆ ನಿಮ್ಮ ಮೇಲೆ ಒಂಚೂರೂ ಸಿಟ್ಟಿರಲಿಲ್ಲ. ನಂಗೊತ್ತು."

ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು.

"ಇತ್ತಮ್ಮ" ಎಂದರು. "ನಾನು ಕೇಳಿದ್ದೀನಿ. ಇತ್ತು."